ಹೆಂಡತಿಯ ಪ್ರಬಂಧಕ್ಕೆ ಗಂಡನ ಇಂಗ್ಲಿಷು

ನೀವು ಬರೆದ ವಾಕ್ಯವನ್ನು ಬೇರೆ ಯಾರೋ ಗಟ್ಟಿಯಾಗಿ ಓದುವುದನ್ನು ಬಾಗಿಲಿನ ಹೊರಗೆ ಕೂತು ಕೇಳಿದ್ದೀರಾ? ನಾನು ಕೇಳಿದ್ದೇನೆ. ಮೊದಲು ಎದೆ ಉಬ್ಬುತ್ತದೆ. ಆಮೇಲೆ ಏನಾಗುತ್ತದೆ ಎಂದು ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಆವತ್ತು ನನ್ನ ಹೆಂಡತಿ ಸುಮತಿಗೆ ಎಂ.ಎಡ್. ವೈವಾ. ಅಂದರೆ ಬರೆದದ್ದು ಮುಗಿದು, ಬರೆದದ್ದರ ಬಗ್ಗೆ ಬಾಯಿಬಿಟ್ಟು ಉತ್ತರ ಹೇಳುವ ದಿನ. ನಾನು ಆಫೀಸಿಗೆ ರಜೆ ಹಾಕಿ ಜೊತೆಗೆ ಹೋಗಿದ್ದೆ. (ಧೈರ್ಯ ತುಂಬಲಿಕ್ಕೆ ಎಂದು ಅವಳಿಗೆ ಹೇಳಿದ್ದೆ. ನಿಜವಾಗಿ ಹೋದದ್ದು ಹೊಗಳಿಕೆ ಕೇಳಲಿಕ್ಕೆ.) ಆ ಕೋಣೆಗೆ ಇದ್ದದ್ದು ಅರ್ಧ ಬಾಗಿಲು. ನಮ್ಮ ಉಡುಪಿ ಹೋಟೆಲುಗಳ ಫ್ಯಾಮಿಲಿ ರೂಮಿಗೆ ಇರುತ್ತದಲ್ಲ, ಮೇಲೂ ಕೆಳಗೂ ಖಾಲಿ, ಅಂಥದ್ದು. ಎದುರಿನ ಬೆಂಚಿನಲ್ಲಿ ಕೂತರೆ ಒಳಗಿನ ಮಾತೆಲ್ಲ ಹೊರಗೆ.

ಸುಮತಿಯ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ಬಂಬೈಯ ಗೋರೆಗಾಂವಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಸಯನ್‌ನಿಂದ ಲೋಕಲ್ ಹಿಡಿದು, ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೋಕಲ್ ಹಿಡಿಯುತ್ತಾಳೆ. ಸಂಜೆ ಎಂ.ಎಡ್. ಕ್ಲಾಸು. ಮನೆಗೆ ಬಂದು ಅಡುಗೆ. ಅದಾದ ಮೇಲೆ ಓದು. ಯಾಕಿಷ್ಟು ಕಷ್ಟ? ಒಂದು ಟ್ರೇನಿಂಗ್ ಕಾಲೇಜಿನಲ್ಲಿ ಕನ್ನಡದವರಿಗೆ ಲೆಕ್ಚರರ್ ಜಾಗ ಖಾಲಿಯಾಗುವುದಿತ್ತು. ಎಂ.ಎಡ್. ಆಗಿರಲೇಬೇಕು. ಟೀಚರುಗಳಿಗೆ ಪಾಠ ಹೇಳುವ ಟೀಚರ್ ಆಗಬೇಕು ಎಂಬುದು ಮದುವೆಗೂ ಮುಂಚಿನ ಅವಳ ಆಸೆ.

ನಾನೋ, ಫೋರ್ಟಿನ ಒಂದು ಕಂಪನಿಯಲ್ಲಿ ಸಾಹೇಬರ ಪತ್ರಗಳನ್ನು ಡ್ರಾಫ್ಟ್ ಮಾಡುವವನು. 'ನಿಮ್ಮ ಇಂಗ್ಲಿಷಿಗೆ ಭಾರ ಇದೆ' ಎಂದು ಸಾಹೇಬರು ಒಮ್ಮೆ ಹೇಳಿದ್ದರು. ಆ ಭಾರವನ್ನು ನಾನು ಮನೆಗೂ ಹೊತ್ತು ತಂದೆ.

ವಿಶ್ವವಿದ್ಯಾಲಯದ ನಿಯಮಾವಳಿಯ ಪುಸ್ತಕ ಮನೆಗೆ ಬಂದ ದಿನ ಅದನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದವನು ನಾನೇ. ಬಿ.ಎಡ್. ಆದ ಮೇಲೆ ಇಷ್ಟು ಅನುಭವ ಬೇಕು, ಹಾಜರಿ ಇಷ್ಟಿರಬೇಕು, ಲಿಖಿತ ಪತ್ರಿಕೆಗಳು, ಒಂದು ಪ್ರಬಂಧ, ಕೊನೆಗೆ ವೈವಾ. ಒಂದು ಕಡೆ ಸುಮತಿ ತಡೆದಳು.

"ಪ್ರಬಂಧ ಸ್ವಂತದ್ದು ಅಂತ ಸೈನ್ ಮಾಡಿ ಕೊಡ್ಬೇಕು ಅಂತ ಉಂಟಲ್ಲ?"

"ಅದೆಲ್ಲ ಫಾರ್ಮಾಲಿಟಿ ಮಾರಾಯ್ತಿ. ಅದನ್ನು ಯಾರು ನೋಡ್ತಾರೆ?"

ನಿಯಮಗಳಲ್ಲಿ ಯಾವುದು ನಿಯಮ, ಯಾವುದು ಫಾರ್ಮಾಲಿಟಿ ಎಂದು ತೀರ್ಮಾನಿಸುವ ಅಧಿಕಾರ ನಮ್ಮಂಥ ಗುಮಾಸ್ತರಿಗೆ ಎಲ್ಲಿಂದ ಬರುತ್ತದೆ? ಗೊತ್ತಿಲ್ಲ. ಬಂದುಬಿಡುತ್ತದೆ.

ಅವಳು ಆರಿಸಿಕೊಂಡ ವಿಷಯ ಅವಳ ಶಾಲೆಯದ್ದೇ. ಗೋರೆಗಾಂವಿನಲ್ಲಿ ಹೊಸ ಬಿಲ್ಡಿಂಗುಗಳು ಏಳುತ್ತಿವೆ. ರಾಯಚೂರು, ಬಿಜಾಪುರದ ಕಡೆಯಿಂದ ಬಂದವರು ಅಲ್ಲಿ ಕಲ್ಲು, ಇಟ್ಟಿಗೆ ಹೊರುತ್ತಾರೆ. ಅವರ ಮಕ್ಕಳು ಇವಳ ಕ್ಲಾಸಿಗೆ ಬರುತ್ತಾರೆ. ಬಂದು ಸುಮ್ಮನೆ ಕೂರುತ್ತಾರೆ. ಕೇಳಿದ್ದಕ್ಕೆ ಉತ್ತರವಿಲ್ಲ. ದಡ್ಡರು ಎಂದು ಉಳಿದ ಟೀಚರುಗಳು ಹಿಂದಿನ ಬೆಂಚಿಗೆ ತಳ್ಳುತ್ತಾರೆ. ಇವಳು ಮಾತ್ರ ಆ ಮಕ್ಕಳ ಹಿಂದೆ ಅವರ ಜೋಪಡಿಗಳ ತನಕ ಹೋದಳು. ಭಾನುವಾರಗಳನ್ನೆಲ್ಲ ಅಲ್ಲೇ ಕಳೆದಳು. ಕಂಡದ್ದನ್ನು, ಕೇಳಿದ್ದನ್ನು ಕನ್ನಡದಲ್ಲಿ ಬರೆದಳು. ಪ್ರಬಂಧ ಮಾತ್ರ ಇಂಗ್ಲಿಷಿನಲ್ಲಿ ಬೇಕಲ್ಲ? ತನಗೆ ಬಂದ ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಾನು ಇಣುಕಿ ನೋಡಿದೆ.

"ದೀಸ್ ಚಿಲ್ಡ್ರನ್ ಆರ್ ನಾಟ್ ಡಲ್. ದೆ ಆರ್ ಅಫ್ರೇಡ್" ಎಂದಿತ್ತು. ಈ ಮಕ್ಕಳು ದಡ್ಡರಲ್ಲ, ಹೆದರಿದ್ದಾರೆ. ಅಷ್ಟೇ.

"ಇದೆಂತ, ನಾಲ್ಕನೇ ಕ್ಲಾಸಿನ ಹುಡುಗ ಬರೆದ ಹಾಗೆ ಉಂಟು! ಕೊಡು ಇಲ್ಲಿ" ಎಂದೆ.

ಕೊಟ್ಟಳು. ಅವಳಿಗೆ ಕ್ಲಾಸಿತ್ತು, ಪರೀಕ್ಷೆಯಿತ್ತು, ಸುಸ್ತಿತ್ತು. ನನಗೆ ಉತ್ಸಾಹವಿತ್ತು. ಅವಳ ಸಣ್ಣ ವಾಕ್ಯಗಳನ್ನೆಲ್ಲ ಒಡೆದು ಒಂದಕ್ಕೊಂದು ಕಟ್ಟಿ ಉದ್ದ ಮಾಡಿದೆ. ಮಕ್ಕಳ ಬಗ್ಗೆ ಬರೆದ ಪುಟಗಳು ಕತೆಯ ಹಾಗೆ ಕಂಡವು, ತೆಗೆದುಹಾಕಿದೆ. ಟೈಪಾಗಿ ಬಂದ ಪ್ರತಿಯನ್ನು ತಿರುವುತ್ತಾ ಸುಮತಿ ಒಂದು ಕಡೆ ನಿಂತಳು.

"ಕಾನ್‌ಸ್ಟಿಟ್ಯೂಷನಲ್ ಅಂತ ಉಂಟಲ್ಲ ಇಲ್ಲಿ. ಸಂವಿಧಾನ ಎಲ್ಲಿಂದ ಬಂತು?"

ನಾನು ನಕ್ಕೆ. "ನಿನಗೆ ಅರ್ಥ ಆಗದಿದ್ರೂ ಎಗ್ಸಾಮಿನರಿಗೆ ಆಗ್ತದೆ."

ಎಗ್ಸಾಮಿನರಿಗೆ ಅರ್ಥವಾಯಿತು. ಅದೇ ಅನಾಹುತವಾಯಿತು.

ಅರ್ಧ ಬಾಗಿಲಿನ ಆಚೆ, ಹೊರಗಿನ ಊರಿನಿಂದ ಬಂದ ಹಿರಿಯ ಪರೀಕ್ಷಕರು ಓದುತ್ತಿದ್ದರು. "ದ ಕಾನ್‌ಸ್ಟಿಟ್ಯೂಷನಲ್ ಟ್ಯಾಸಿಟರ್ನಿಟಿ ಆಫ್ ದ ಲೇಬರರ್ಸ್ ಚೈಲ್ಡ್..." ನನ್ನ ವಾಕ್ಯ! ಎಷ್ಟು ಗಂಭೀರವಾಗಿ ಕೇಳಿಸಿತು! ನಾನು ಬೆಂಚಿನಲ್ಲಿ ನೆಟ್ಟಗೆ ಕೂತೆ.

"ಇದನ್ನು ವಿವರಿಸಿ, ಮೇಡಂ" ಎಂದರು ಇಂಗ್ಲಿಷಿನಲ್ಲಿ.

ಸುಮತಿ ಏನೋ ಹೇಳಲು ಹೊರಟಳು. ಸಂವಿಧಾನ, ಮಕ್ಕಳ ಶಿಕ್ಷಣದ ಹಕ್ಕು ಎಂದೇನೋ ತಡವರಿಸಿದಳು. ಪಕ್ಕದ ಇನ್ನೊಬ್ಬ ಪರೀಕ್ಷಕರು ನಕ್ಕದ್ದು ಕೇಳಿಸಿತು. ಅವಳು ನಿಲ್ಲಿಸಿದಳು.

"ಕಾನ್‌ಸ್ಟಿಟ್ಯೂಷನಲ್ ಎಂದರೆ ಇಲ್ಲಿ ಸಂವಿಧಾನ ಅಲ್ಲ, ಮೈಗುಣ. ಕೂಲಿಯವರ ಮಕ್ಕಳು ಹುಟ್ಟಿನಿಂದಲೇ ಮಾತಿಲ್ಲದವರು, ಅದು ಅವರ ಮೈಯಲ್ಲೇ ಇದೆ ಎಂದು ಬರೆದಿದ್ದೀರಿ. ಹೌದೇ?" ಎಂದರು ಹಿರಿಯರು.

"ನೋ ಸರ್! ನೋ!" ಎಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹಿರಿಯರು ಇಂಗ್ಲಿಷು ಬಿಟ್ಟು ಹಿಂದಿಗೆ ಬಂದರು. "ಬೆಹೆನ್‌ಜಿ, ಹಿಂದಿ ಮೇಂ ಬತಾಯಿಯೇ. ಆರಾಮ್ ಸೇ." ಹಿಂದಿಯಲ್ಲಿ ಹೇಳಿ, ನಿಧಾನವಾಗಿ.

ಆಗ ಸುಮತಿ ಮಾತಾಡಿದಳು ನೋಡಿ! ಅವಳದು ನಮ್ಮೆಲ್ಲರ ಹಾಗೆ ಬಂಬೈ ಹಿಂದಿ. ಲಿಂಗವಿಲ್ಲ, ವಚನವಿಲ್ಲ. ಆದರೆ ಯಲ್ಲವ್ವ ಎಂಬ ಹುಡುಗಿ ನನ್ನ ಕಣ್ಣ ಮುಂದೆ ಬಂದು ನಿಂತಳು. ಕ್ಲಾಸಿನಲ್ಲಿ ವರ್ಷವಿಡೀ ತುಟಿ ಬಿಚ್ಚದವಳು, ಬಿಲ್ಡಿಂಗಿನ ಮರಳ ರಾಶಿಯ ಮೇಲೆ ಕೂತು ತಮ್ಮ ತಂಗಿಯರಿಗೆ ಊರಿನ ಹುಲಿಯ ಕತೆಯನ್ನು ಹುಲಿಯ ದನಿಯಲ್ಲೇ ಹೇಳುವವಳು. ಒಮ್ಮೆ ಇನ್ನೊಬ್ಬ ಟೀಚರ ಕ್ಲಾಸಿನಲ್ಲಿ ತನ್ನ ಊರಿನ ಕನ್ನಡದಲ್ಲಿ 'ಹೋಗಂಗಿಲ್ರಿ' ಎಂದದ್ದಕ್ಕೆ ಎಲ್ಲರೂ ನಕ್ಕರಂತೆ. ಟೀಚರೂ ನಕ್ಕರಂತೆ. ಅಂದಿನಿಂದ ಬಾಯಿ ಮುಚ್ಚಿದವಳು.

ಒಳಗೆ ನಗು ನಿಂತಿತ್ತು.

"ಬಹುತ್ ಅಚ್ಛಾ. ಯೇ ಸಬ್ ಇಸ್ ಮೇಂ ಕಹಾಂ ಹೈ?" ಹಿರಿಯರು ಪುಟ ತಿರುವುವ ಸದ್ದು. ಇದೆಲ್ಲ ಇದರಲ್ಲಿ ಎಲ್ಲಿದೆ?

ಎಲ್ಲಿರುತ್ತದೆ? ಕತೆ ಎಂದು ನಾನು ತೆಗೆದುಹಾಕಿದ್ದೆನಲ್ಲ!

"ಇದನ್ನು ಬರೆದದ್ದು ಯಾರು?"

ಇನ್ನೊಮ್ಮೆ ಕೇಳಿದರು.

"ಮೇರೇ ಮಿಸ್ಟರ್" ಎಂದಳು. ನನ್ನ ಯಜಮಾನರು. ದನಿ ಇಷ್ಟೇ ಇಷ್ಟು.

ನಾನೇನು ಮಾಡಿದೆ? ಬಾಗಿಲು ತಳ್ಳಿ ಒಳಗೆ ಹೋಗಿ, 'ಸ್ವಾಮೀ, ತಪ್ಪು ನನ್ನದು' ಎಂದೆನೇ? ಇಲ್ಲ. ಎದ್ದು, ಸದ್ದಾಗದಂತೆ ಮೆಟ್ಟಿಲಿಳಿದು, ಕೆಳಗಿನ ನೀರಿನ ನಲ್ಲಿಯ ಹತ್ತಿರ ಹೋಗಿ ನಿಂತೆ. ಏನನ್ನೂ ಕೇಳಿಸಿಕೊಳ್ಳದವನ ಹಾಗೆ.

ಅವಳು ಇಳಿದು ಬಂದಳು. ಹಿಂದೆಯೇ, ಒಳಗೇ ಕೂತಿದ್ದ ಅವಳ ಗೈಡ್ ಕುಲಕರ್ಣಿ ಮೇಡಂ. ಸ್ವಂತ ಕೃತಿ ಎಂದು ನಂಬಿ ಸರ್ಟಿಫಿಕೇಟಿಗೆ ಸಹಿ ಹಾಕಿದವರು ಅವರು. ನನ್ನ ನಮಸ್ಕಾರಕ್ಕೆ ಅವರು ತಲೆಯಾಡಿಸಿ ಮುಖ ತಿರುಗಿಸಿದರು.

"ಹೇಗಾಯ್ತು?" ಎಂದು ಸುಮತಿಯನ್ನು ಕೇಳಿದೆ. (ನಾಚಿಕೆಯಿಲ್ಲದವನಿಗೂ ಒಂದು ಮಿತಿ ಇರಬೇಕಲ್ಲವೇ?)

"ಪುನಃ ಬರ್ದು ಕೊಡ್ಬೇಕಂತೆ. ಪೂರ್ತಿ ರಿಜೆಕ್ಟ್ ಮಾಡ್ಬಹುದಿತ್ತಂತೆ. ದೊಡ್ಡ ಮನಸ್ಸು ಮಾಡಿದ್ರು."

"ಯಾಕೆ? ಎಂತ ತಪ್ಪಾಯ್ತು?"

"ಎಂತದೋ ಸಣ್ಣದು."

ಅಷ್ಟೇ ಹೇಳಿದಳು. ಸ್ಟೇಷನ್ನಿನಲ್ಲಿ ಅವಳು ಲೇಡೀಸ್ ಡಬ್ಬಿಗೆ ಹೋದಳು, ನಾನು ನಮ್ಮ ಡಬ್ಬಿಗೆ. ಲೋಕಲ್ ಗಾಡಿಯ ಆ ವ್ಯವಸ್ಥೆಯನ್ನು ಅವತ್ತಿನಷ್ಟು ನಾನು ಎಂದೂ ಮೆಚ್ಚಿರಲಿಲ್ಲ.

ಟ್ರೇನಿಂಗ್ ಕಾಲೇಜಿನ ಜಾಗ ಕಾಯಲಿಲ್ಲ. ಆ ತಿಂಗಳೇ ಇಂಟರ್‌ವ್ಯೂ ಆಗಿ ಬೇರೆಯವರ ಪಾಲಾಯಿತು. ಸುಮತಿ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು. ಒಂದು ಸಂಜೆ ಅವಳು ಹಳೆಯ ಕನ್ನಡ ಬರಹವನ್ನೆಲ್ಲ ಹೊರಗೆ ತೆಗೆದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕೂತಳು.

"ಈ ಸಲ ಸಿಂಪಲ್ಲಾಗಿ ಸರಿ ಮಾಡಿಕೊಡ್ತೇನೆ" ಎಂದೆ.

"ಬೇಡ."

"ಅಲ್ಲ, ಗ್ರಾಮರ್ ಮಾತ್ರ..."

"ಬೇಡ ಅಂದ್ನಲ್ಲ. ನನ್ನ ತಪ್ಪು ಇಂಗ್ಲಿಷು ನನಗೆ ಸಾಕು." ಆಮೇಲೆ ತಲೆಯೆತ್ತದೆ ಹೇಳಿದಳು, "ಅವತ್ತು ಬಾಗಿಲಿನ ಕೆಳಗೆ ನಿಮ್ಮ ಚಪ್ಪಲಿ ಕಾಣ್ತಿತ್ತು. ಅವರು ಯಾರು ಬರ್ದದ್ದು ಅಂತ ಕೇಳಿದಾಗ ಚಪ್ಪಲಿ ಇತ್ತು. ನಾನು ಹೇಳಿದ ಮೇಲೆ ಇರ್ಲಿಲ್ಲ."



ಮುಂದಿನ ಭಾನುವಾರ ಅವಳು ಗೋರೆಗಾಂವಿಗೆ ಹೊರಟಾಗ, "ನಾನೂ ಬರಲಾ?" ಎಂದು ಕೇಳಿದೆ. ನನ್ನನ್ನು ಒಮ್ಮೆ ನೋಡಿ, "ಬನ್ನಿ" ಎಂದಳು.

ಅರ್ಧ ಎದ್ದ ಬಿಲ್ಡಿಂಗು. ಬುಡದಲ್ಲಿ ತಗಡು, ಗೋಣಿಯ ಜೋಪಡಿಗಳು. ದೂರದಿಂದಲೇ ಒಂದು ಹುಡುಗಿಯ ದನಿ ಕೇಳುತ್ತಿತ್ತು. ಯಾರಿಗೋ ಬೈಯುತ್ತಿದ್ದಳು, ಯಾರನ್ನೋ ನಗಿಸುತ್ತಿದ್ದಳು. ನಾವು ಹತ್ತಿರ ಹೋದೆವು. ಇಸ್ತ್ರಿ ಹಾಕಿದ ಪ್ಯಾಂಟು, ಷರಟಿನ ನನ್ನನ್ನು ನೋಡಿದ್ದೇ ತಡ, ಆ ದನಿ ಕತ್ತರಿಸಿದ ಹಾಗೆ ನಿಂತುಹೋಯಿತು. ಯಲ್ಲವ್ವ ತಾಯಿಯ ಸೀರೆಯ ಹಿಂದೆ ಸರಿದಳು.

ತಾಯಿ ದುರುಗವ್ವ ನಕ್ಕಳು. "ಸಾಲ್ಯಾಗ ಬಾಯಿ ಬಿಡಂಗಿಲ್ಲ ಅಂತೀರಿ, ಅಕ್ಕೋರ. ಇಲ್ಲಿ ಬಾಯಿ ಮುಚ್ಚಂಗಿಲ್ರಿ! ಈಗ ನೋಡ್ರಿ, ಸಾಹೇಬರ್ನ ನೋಡಿ ಹೆಂಗ ಹೆದರ್‍ಯಾಳ."

ಹೆದರಿದ್ದಾಳೆ. ಸುಮತಿ ಬರೆದಿದ್ದ ಅದೇ ಮಾತು. ನಾಲ್ಕನೇ ಕ್ಲಾಸಿನ ಹುಡುಗ ಬರೆದ ಹಾಗಿದೆ ಎಂದು ನಾನು ಹೊಡೆದುಹಾಕಿದ ಮಾತು. ಅದರ ಜಾಗದಲ್ಲಿ ನಾನು ಕೂರಿಸಿದ್ದು ಭಾರದ ಇಂಗ್ಲಿಷನ್ನು ಮಾತ್ರವೇ? ಅಲ್ಲ. ಕೂಲಿಯವರ ಮಕ್ಕಳು ಮಂದ ಎಂಬ ಅಭಿಪ್ರಾಯ ನನ್ನೊಳಗೆ ಮೊದಲೇ ಇತ್ತು. ಒಂದು ಮಗುವನ್ನೂ ಮಾತಾಡಿಸದೆ ಕಟ್ಟಿಕೊಂಡ ಅಭಿಪ್ರಾಯ. ಅದನ್ನು ಅವಳ ಪ್ರಬಂಧದೊಳಕ್ಕೆ ಸಾಗಿಸಿ, ಕೆಳಗೆ ಅವಳ ಸಹಿ ಹಾಕಿಸಿದೆ. ಊರು ಬಿಟ್ಟು ಈ ನಗರಕ್ಕೆ ಹೊಟ್ಟೆಪಾಡಿಗೆ ಬಂದವನು ನಾನೂ ಹೌದು, ದುರುಗವ್ವನೂ ಹೌದು. ನಾನು ಬಂದದ್ದು ಸ್ವಲ್ಪ ಮೊದಲು. ಅಷ್ಟಕ್ಕೇ ಇಷ್ಟು ಸೊಕ್ಕೇ?

"ನೀವು ಸ್ಟೇಷನ್ ಹತ್ರ ಚಾ ಕುಡ್ದು ಬನ್ನಿ" ಎಂದಳು ಸುಮತಿ ಮೆಲ್ಲಗೆ. "ನೀವಿದ್ರೆ ಅವಳು ಮಾತಾಡುವುದಿಲ್ಲ."

ಹೋದೆ. ರಸ್ತೆಯ ತಿರುವು ದಾಟುವ ಮೊದಲೇ ಹಿಂದಿನಿಂದ ಆ ಹುಡುಗಿಯ ದನಿ ಮತ್ತೆ ಶುರುವಾಯಿತು.

ಎರಡನೆಯ ವೈವಾಗೆ ಸುಮತಿ ಒಬ್ಬಳೇ ಹೋದಳು. ಯಾವತ್ತು ಎಂದೂ ನನಗೆ ಹೇಳಿರಲಿಲ್ಲ. ಸಂಜೆ ಬಂದು ಒಲೆಯ ಮೇಲೆ ಅನ್ನಕ್ಕಿಡುತ್ತಾ, "ಪಾಸಾಯ್ತು" ಎಂದಳು. ನಾನು ಅವಳ ಪ್ರಬಂಧವನ್ನು ಈಗ ಓದಿದ್ದೇನೆ. ತಪ್ಪುಗಳಿವೆ. ವಾಕ್ಯಗಳು ಗಿಡ್ಡ. ಯಲ್ಲವ್ವ ಅದರಲ್ಲಿ ಮಾತಾಡುತ್ತಾಳೆ. ಡಿಗ್ರಿ ಬಂತು, ಆದರೆ ಲೆಕ್ಚರರ್ ಜಾಗ ಬರಲಿಲ್ಲ. ಬೆಳಗಾದರೆ ಸುಮತಿ ಅದೇ ದಾದರ್ ಸೇತುವೆ ಹತ್ತುತ್ತಾಳೆ. ಇನ್ನೊಂದು ಜಾಗ ಯಾವಾಗ ಖಾಲಿಯಾಗುತ್ತದೋ, ಯಾರಿಗೆ ಗೊತ್ತು?

ಇದನ್ನೆಲ್ಲ ಇಲ್ಲಿ ಬರೆಯಬಹುದೇ ಎಂದು ಅವಳನ್ನು ಕೇಳಿದೆ. "ಬರೀರಿ. ಆದ್ರೆ ನನ್ನ ಬಾಯಲ್ಲಿ ನಿಮ್ಮ ಮಾತು ಹಾಕ್ಬೇಡಿ" ಎಂದಳು. ಹಾಕಿಲ್ಲವೆಂದು ನಂಬಿದ್ದೇನೆ.

ಹಾಗಾದರೆ ಈ ಗಂಡಸು ಸುಧಾರಿಸಿದ ಎಂದುಕೊಂಡಿರಾ? ಮೊನ್ನೆ ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ಮೇಲಿನ ಮಾಳಿಗೆಯ ಶೆಟ್ಟರು ಸಿಕ್ಕಿದರು. ಸುಮತಿ ತರಕಾರಿ ಚೀಲ ಹಿಡಿದು ನನ್ನ ಪಕ್ಕದಲ್ಲೇ ಇದ್ದಳು. ಶೆಟ್ಟರು ಅವಳ ಕಡೆ ನೋಡಲೂ ಇಲ್ಲ. ನನ್ನ ಕೈ ಹಿಡಿದು ಕುಲುಕಿ, "ಭೇಷ್ ಮಾರಾಯ್ರೆ! ಅಂತೂ ಹೆಂಡತಿಗೆ ಎಂ.ಎಡ್. ಮಾಡಿಸಿಬಿಟ್ರಲ್ಲ ನೀವು!" ಎಂದರು.

ಅಲ್ಲ ಎನ್ನಲಿಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ, ನನ್ನ ತಲೆ ಹೌದೆಂದು ಅಲ್ಲಾಡಿಬಿಟ್ಟಿತ್ತು.