ನಾನೇ ಮರೆತೆ ಎಂದವರು ಯಾರು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಒದ್ದೆ ಚಾದರಗಳನ್ನು ಬಿಸಿ ರೋಲರಿಗೆ ಕೊಟ್ಟು, ಇಸ್ತ್ರಿಯಾಗಿ ಹೊರಬಂದದ್ದನ್ನು ಮಡಿಸುವುದು ಅವಳ ಕೆಲಸ. ಎಲ್ಲರಿಗೂ ಅವಳು ಇಸ್ತ್ರಿಯಕ್ಕ. ಅವಳು ಮಡಿಸಿದ ಚಾದರದಲ್ಲಿ ಮೂಲೆಗೆ ಮೂಲೆ ಕೂಡುತ್ತದೆ. ಮಾತು ಮಾತ್ರ ಅಷ್ಟು ಅಚ್ಚುಕಟ್ಟಲ್ಲ.

ಹಲವು ವರ್ಷ ಹಂಗಾಮಿಯಾಗಿ ದುಡಿದ ಅವಳನ್ನು ಆ ತಿಂಗಳ ಕೊನೆಗೆ ಕಾಯಂ ಮಾಡುವುದೆಂದು ಮಾತಾಗಿತ್ತು. ಕಾಯಂ ಆದಮೇಲೆ ಇಂಗ್ಲಿಷ್ ಬೇಕಾಗುತ್ತದೆಂದು ಯಾರೋ ಹೇಳಿದ್ದರಿಂದ ನನ್ನ ಸಂಜೆ ತರಗತಿಗೆ ಸೇರಿದ್ದಳು. ಮುಂದಿನ ಬೆಂಚಿನಲ್ಲಿ ಕೂತು ತಪ್ಪು ಉತ್ತರವನ್ನೂ ಗಟ್ಟಿಯಾಗಿ ಹೇಳುವಳು. ಅದು ಒಳ್ಳೆಯದೇ. ಗೊಣಗುವವರನ್ನು ತಿದ್ದುವುದು ಕಷ್ಟ.

ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋದಾಗ ರೋಲರಿನ ಮೇಲೆ ಸುತ್ತಿದ್ದ ದಪ್ಪ ಬಟ್ಟೆ ಸುಟ್ಟು ಕರಕಲಾಗಿತ್ತು. ಹಿಂದಿನ ಸಂಜೆ ಸ್ವಿಚ್ ಆರಿಸದೆ ಹೋಗಿದ್ದರು. ಕೊನೆಗೆ ಹೊರಟವರು ಇಬ್ಬರೇ, ಅವಳು ಮತ್ತು ಸೂಪರ್‌ವೈಸರ್. ಆತ ಯಂತ್ರದ ಪಕ್ಕದಲ್ಲೇ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದ.

"ನಾನೇ ಮರೆತೆ ಕಣಕ್ಕಾ," ಎಂದ. ಕೇಳಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಮ್ಯಾನೇಜರ್ ಇಬ್ಬರನ್ನೂ ಕರೆಸಿದ. ಹೊಸಬ, ಕನ್ನಡ ಬಾರದವನು. ಇಸ್ತ್ರಿಯಕ್ಕನ ಮಾತನ್ನು ತಾನೇ ಇಂಗ್ಲಿಷಿಗೆ ತಿರುಗಿಸುತ್ತೇನೆಂದು ಸೂಪರ್‌ವೈಸರ್ ಮುಂದೆ ಬಂದ.

"ಬೇಡಿ ಸಾರ್. ಮಾತು ನಿಮ್ಮ ವಿಚಾರದ್ದೇ, ನೀವೇ ತಿರುಗಿಸಿದ್ರೆ ಹೇಗೆ? ನಾನೂ ಕಲೀತಿದೀನಿ," ಎಂದು ಅವಳು ಮ್ಯಾನೇಜರ್ ಕಡೆ ತಿರುಗಿದಳು. "ಸೂಪರ್‌ವೈಸರ್ ಟೋಲ್ಡ್ ಐ ಓನ್ಲಿ ಫರ್ಗಾಟ್."

"ಆರ್ ಯೂ ಶೂರ್?"

"ಯೆಸ್ ಸರ್. ಹಂಡ್ರೆಡ್ ಪರ್ಸೆಂಟ್."

ಕನ್ನಡದಲ್ಲಿ ಇದರಲ್ಲೇನೂ ತೊಡಕಿಲ್ಲ. "ನಾನೇ ಮರೆತೆ ಅಂತ ಹೇಳಿದರು" ಎಂದರೆ ಮರೆತವನು ಹೇಳಿದವನೇ. ಇನ್ನೊಬ್ಬರ ಮಾತನ್ನು ಇದ್ದ ಹಾಗೇ ಎತ್ತಿಕೊಂಡು ಕೊನೆಗೊಂದು "ಅಂತ" ಎಂಬ ಗಂಟು ಹಾಕಿದರೆ ಸಾಕು. ಇಂಗ್ಲಿಷಿನಲ್ಲಿ ಆ ಗಂಟಿಲ್ಲ. ಅಲ್ಲಿ ಬಾಯಿ ತೆರೆದವರದೇ "ಐ". ಮರೆತದ್ದು ಇವಳೊಬ್ಬಳೇ, ಸೂಪರ್‌ವೈಸರ್ ಅದನ್ನು ಎತ್ತಿ ತೋರಿಸಿದ್ದಾನೆ, ಇವಳೂ ಒಪ್ಪಿಕೊಂಡಿದ್ದಾಳೆ ಎಂದು ಮ್ಯಾನೇಜರ್ ತಿಳಿದ. ಎರಡೂ ಭಾಷೆ ಬಲ್ಲ ಸೂಪರ್‌ವೈಸರ್ ತನ್ನ ಬೂಟಿನ ತುದಿ ನೋಡುತ್ತ ಕೂತ.

ತಪ್ಪನ್ನು ನೀವೇ ಒಪ್ಪಿಕೊಂಡಿದ್ದೀರಿ, ಕಾಯಂ ಮಾಡುವುದಿಲ್ಲ, ತಿಂಗಳ ಕೊನೆಗೆ ಕೆಲಸ ಬಿಡಬೇಕು, ಹೇಳುವುದೇನಾದರೂ ಇದ್ದರೆ ಸೋಮವಾರ ಬಂದು ಹೇಳಬಹುದು ಎಂದು ಮರುದಿನ ತಿಳಿಸಿದರು. ಆಗಲೇ ಅವಳಿಗೆ ತಾನೇನು ಹೇಳಿಬಂದೆ ಎಂಬುದು ಗೊತ್ತಾದದ್ದು.

ತರಗತಿ ಮುಗಿದ ಮೇಲೆ ಅವಳು ಎದ್ದು ಹೋಗಲಿಲ್ಲ. "ನಮ್ಮ ಯಜಮಾನರು ನಗ್ತಾರೆ ಮೇಡಂ. 'ಮನೇಲಿ ಒಂದು ದಿನಾನೂ ತಪ್ಪು ಒಪ್ಪಿಕೊಂಡೋಳಲ್ಲ, ಅಲ್ಲಿ ಹೋಗಿ ಊರವರ ತಪ್ಪನ್ನೆಲ್ಲ ಒಪ್ಪಿಕೊಂಡು ಬಂದ್ಯಾ' ಅಂತಾರೆ."

ನಾನು ನಗಲಿಲ್ಲ. ಹಲಗೆಯ ಮೇಲೆ ವಾಕ್ಯ ಬರೆದು ತೋರಿಸಿದೆ. ಹೇಳಿದವನು ಗಂಡಸಾದರೆ ಅವನ "ಐ" ನಿನ್ನ ಬಾಯಲ್ಲಿ "ಹಿ" ಆಗಬೇಕು. ಕ್ರಿಯಾಪದ ಭೂತಕಾಲದಲ್ಲಿ ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಹಿ ಸೆಡ್ ದಟ್ ಹಿ ಹ್ಯಾಡ್ ಫರ್ಗಾಟನ್.

ಅವಳು ಹಲಗೆಯ ಮೇಲಿನ "ಹಿ"ಗೆ ಬೆರಳು ತೋರಿಸಿದಳು. "ಅವರು ಹೇಳಿದ್ದು 'ನಾನು' ಅಂತ ಮೇಡಂ. ನಾನು ಅದನ್ನ 'ಅವರು' ಅಂತ ಬದಲಾಯಿಸಿದ್ರೆ ಸುಳ್ಳು ಹೇಳ್ದಂಗಾಗಲ್ವಾ?"

"ಪದ ಬದಲಾಗುತ್ತೆ, ಆಳು ಬದಲಾಗಲ್ಲ. ನೀನು ಪದ ಉಳಿಸಿಕೊಂಡೆ, ಆಳು ಬದಲಾದ. ಯಾವುದು ಸುಳ್ಳು?"

ಆ ವಾಕ್ಯವನ್ನು ಬಾಯಿಪಾಠ ಮಾಡುತ್ತ ಅವಳು ಹೊರಟಳು.

ಸೋಮವಾರ ಅದನ್ನು ತಪ್ಪಿಲ್ಲದೆ ಹೇಳಿದಳಂತೆ. ಅದರಿಂದ ಕೆಲಸ ಕೆಟ್ಟಿತು. ಮೊದಲು "ಐ" ಅಂದಿರಿ, ಈಗ ಕೆಲಸ ಹೋಗುತ್ತದೆ ಅಂದಾಗ "ಹಿ" ಅನ್ನುತ್ತೀರಿ, ಯಾವುದನ್ನು ನಂಬಲಿ ಎಂದು ಮ್ಯಾನೇಜರ್ ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ. ವ್ಯಾಕರಣ ಕಲಿತು ಬಂದೆ ಎನ್ನುವುದು ಯಾವ ವಿಚಾರಣೆಯಲ್ಲೂ ಸಾಕ್ಷಿಯಾಗುವುದಿಲ್ಲ.

ಅವತ್ತೂ ಸೂಪರ್‌ವೈಸರನ್ನು ಕರೆಸಿದ್ದರು. ಇಸ್ತ್ರಿಯಕ್ಕ ಕುರ್ಚಿಯನ್ನು ಆತನ ಕಡೆ ತಿರುಗಿಸಿಕೊಂಡಳು. "ಅವತ್ತು ನನ್ನ ಮಾತು ತಿರುಗಿಸ್ತೀನಿ ಅಂದ್ರಲ್ಲ ಸಾರ್. ನನ್ನದು ಬೇಡ. ರೋಲರ್ ಹತ್ರ ನಿಂತು ನನಗೆ ಏನಂದ್ರಿ, ಅದನ್ನ ಇವರಿಗೆ ನೀವೇ ಇಂಗ್ಲಿಷಲ್ಲಿ ಹೇಳಿ. ನಿಮ್ಮ ಬಾಯಲ್ಲಾದ್ರೆ ಏನೂ ಬದಲಾಯಿಸೋದು ಬೇಕಾಗಲ್ಲ."

ಆತ ಇನ್ನೊಬ್ಬರ ತಪ್ಪು ಇಂಗ್ಲಿಷಿನ ಮರೆಯಲ್ಲಿ ಸುಮ್ಮನೆ ಕೂರಬಲ್ಲವನು. ಎದುರಿಗೇ ಕೇಳಿದಾಗ ಸುಳ್ಳು ಹೇಳುವಷ್ಟು ಎದೆಗಾರಿಕೆ ಇರಲಿಲ್ಲ. ಅದನ್ನು ಒಳ್ಳೆಯತನ ಎಂದು ನಾನು ಕರೆಯುವುದಿಲ್ಲ. ಕರ್ಚೀಫಿನಿಂದ ಕತ್ತು ಒರೆಸಿಕೊಂಡು, "ಐ ಫರ್ಗಾಟ್," ಎಂದ.

ಆತನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಇವಳು ಕಾಯಂ ಆದಳು. ತರಗತಿಗೆ ಈಗಲೂ ಬರುತ್ತಾಳೆ. ಪರೋಕ್ಷ ಮಾತಿನ ಅಭ್ಯಾಸ ಕೊಟ್ಟಾಗ ಪ್ರತಿ "ಹಿ" ಪಕ್ಕದಲ್ಲೂ ಅದು ಯಾರೆಂದು ಕಂಸ ಹಾಕಿ ಬರೆಯುತ್ತಾಳೆ. ಪರೀಕ್ಷೆಯಲ್ಲಿ ಹಾಗೆ ಬರೆಯುವಂತಿಲ್ಲ, ಅರ್ಧ ಅಂಕ ಕಳೆಯುತ್ತೇನೆ ಎಂದು ಹೇಳಿದ್ದೇನೆ.

"ಕಳೀರಿ ಮೇಡಂ," ಎನ್ನುತ್ತಾಳೆ.