ಡಾರ್ಕಸ್ ಟನ್‌ಸ್ಟಾಲಳ ಎರಡು ಪುಟದ ಪುಸ್ತಕ

ಲಂಡನ್ನಿನಿಂದ ಬಂದ ಪೆಟ್ಟಿಗೆಯ ಮುಚ್ಚಳ ಕೀಳುವ ಹೊತ್ತಿನಲ್ಲಿ ಆಂಬ್ರೋಸ್ ಟನ್‌ಸ್ಟಾಲನ ಎದುರಿಗೆ ನಿಲ್ಲಬಾರದು ಎಂಬುದು ಸಮುದ್ರದಾಚೆಯ ತಂಬಾಕಿನ ಸೀಮೆಯಲ್ಲಿ ರಾಪಹ್ಯಾನಕ್ ಹೊಳೆಯ ಎರಡೂ ದಡದವರಿಗೆ ಗೊತ್ತಿತ್ತು. ಆ ಸಲ ಪೆಟ್ಟಿಗೆಯಿಂದ ಬಂದದ್ದು ಹ್ಯಾಟು. ಆಂಬ್ರೋಸ್ ಅದನ್ನು ತಲೆಯ ಮೇಲಿಟ್ಟುಕೊಂಡ. ಕುಂಬಳಕಾಯಿಯ ಮೇಲೆ ಕೂತ ಗುಬ್ಬಚ್ಚಿಯ ಹಾಗೆ ಅದು ಅಲ್ಲಿ ಕೂತಿತು.

"ಅಕ್ಕಾ! ಕಾಗದ ತೊಗೊಂಡ್ಬಾ! ಆ ಪೆನ್ನಕ್‌ಗೆ ಬರಿಬೇಕು!"

ಡಾರ್ಕಸ್ ಮೊದಲೇ ಕಾಗದ, ಶಾಯಿ ಎಲ್ಲ ಇಟ್ಟುಕೊಂಡು ಕೂತಿದ್ದಳು. ಪೆಟ್ಟಿಗೆ ಬಂದ ದಿನ ಬೇರೆ ಯಾವ ಕೆಲಸವನ್ನೂ ಅವಳು ಹಚ್ಚಿಕೊಳ್ಳುತ್ತಿರಲಿಲ್ಲ.

ಅವಳು ಆಂಬ್ರೋಸನಿಗಿಂತ ಐದು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ಕೇಳಿದವರಿಗೆ, "ಒಬ್ಬ ಗಂಡಸನ್ನ ಸಂಭಾಳಿಸೋದೇ ಸಾಕಾಗಿದೆ, ಇನ್ನೊಬ್ಬನ್ನ ಎಲ್ಲಿಡ್ಲಿ?" ಅನ್ನುತ್ತಿದ್ದಳು. ಕಾಗದ ಬರೆಯುವ ಕೆಲಸ ಅವಳ ಪಾಲಿಗೆ ಬಂದದ್ದು ತಮ್ಮನ ಅಕ್ಷರದ ದೆಸೆಯಿಂದ. ತಂಬಾಕು ಬೆಳೆಯಲು ಶುರುಮಾಡಿದ ಮೊದಲ ವರ್ಷ ಅವನು ತನ್ನ ಕೈಯಾರೆ ಲಂಡನ್ನಿನ ವ್ಯಾಪಾರಿ ಜೊಸಾಯ ಪೆನ್ನಕ್‌ಗೆ ಬರೆದು ಒಂದು ಸಾಣೆಕಲ್ಲು ತರಿಸಿದ್ದ. ಕೋಳಿ ಕೆದರಿದಂಥ ಆ ಬರಹದಲ್ಲಿ ಒಂದು ಹನ್ನೊಂದಾಗಿ ಕಂಡಿತು. ಹನ್ನೊಂದು ಸಾಣೆಕಲ್ಲುಗಳೂ ಸಮುದ್ರ ದಾಟಿ ಬಂದು ಅಂಗಳದಲ್ಲಿ ಸಾಲಾಗಿ ನಿಂತವು. ಮುಂದಿನ ಸಲದಿಂದ ಬರೆಯುವುದೂ ಓದುವುದೂ ಅಕ್ಕನ ಪಾಲಿಗಾಯಿತು.

ಆಂಬ್ರೋಸ್ ಬೆನ್ನ ಹಿಂದೆ ಕೈಕಟ್ಟಿ ಕೋಣೆಯ ಉದ್ದಕ್ಕೂ ಓಡಾಡುತ್ತ ಹೇಳುತ್ತಿದ್ದ. "ಬರಿ. ಲೇ ಪೆನ್ನಕ್ಕು, ನಿನ್ನ ತಲೆ ಅಳತೆ ತೊಗೊಂಡು ನನಗೆ ಹ್ಯಾಟು ಕಳಿಸಿದ್ದೀಯ. ಒಳಗಡೆ ಏನೂ ಇಲ್ಲದ ತಲೆಗೆ ಅಷ್ಟೇ ಸಾಕು, ನನಗೆ ಸಾಲಲ್ಲ. ಬರದ್ಯಾ?"

"ಬರದೆ."

ಅವಳು ಬರೆದದ್ದು ಹೀಗಿತ್ತು: 'ಮಾನ್ಯರೇ, ತಾವು ಕಳಿಸಿದ ಹ್ಯಾಟು ಬಹಳ ಅಂದವಾಗಿದೆ. ತಮ್ಮ ಊರಿನ ತಲೆಗಳಿಗಿಂತ ಇಲ್ಲಿನವು ಬಿಸಿಲಿಗೋ ಏನೋ ಸ್ವಲ್ಪ ಹಿಗ್ಗಿವೆ. ಇದರೊಡನೆ ದಾರವೊಂದನ್ನು ಇಟ್ಟಿದ್ದೇನೆ, ಅದೇ ಅಳತೆ.'

"ಈಗ ಓದು."

ಡಾರ್ಕಸ್ ಕಾಗದವನ್ನು ಎತ್ತಿ ಹಿಡಿದು, ಒಳಗಡೆ ಏನೂ ಇಲ್ಲದ ತಲೆಯವರೆಗೂ ಒಂದಕ್ಷರ ಬಿಡದೆ ನೆನಪಿನಿಂದ ಒಪ್ಪಿಸಿದಳು. ಆಂಬ್ರೋಸ್ ತೃಪ್ತಿಯಿಂದ ಸಹಿ ಹಾಕಿದ. ಹಡಗು ಹೋಯಿತು.

ವರ್ಷದ ಮೇಲೆ ಸರಿಯಾದ ಹ್ಯಾಟು ಬಂತು. ಜೊತೆಗೆ ಹ್ಯಾಟಿಗಿಂತ ಮೆತ್ತಗಿನ ಒಂದು ಕಾಗದ. ಆಂಬ್ರೋಸ್ ಗಲ್ಲ ಕೆರೆದುಕೊಂಡ. "ನೋಡಕ್ಕ, ಉಗಿದಷ್ಟೂ ಬಾಗ್ತಾನೆ. ಈ ವ್ಯಾಪಾರಿಗಳ ಜಾತಿಯೇ ಅಷ್ಟು." ಚರ್ಚಿನ ಅಂಗಳದಲ್ಲಿ ಈ ಗುಟ್ಟನ್ನು ಅವನು ನೆರೆಹೊರೆಯ ತಂಬಾಕಿನವರಿಗೂ ಧಾರಾಳವಾಗಿ ಹಂಚಿದ. ಅವನ ಮಾತು ಕೇಳಿ ಇಬ್ಬರು ತಮ್ಮ ತಮ್ಮ ವ್ಯಾಪಾರಿಗಳಿಗೆ ಬೈದು ಬರೆದರು. ಒಬ್ಬನಿಗೆ ಜವಾಬೇ ಬರಲಿಲ್ಲ. ಇನ್ನೊಬ್ಬನಿಗೆ ಒಡೆದ ತಟ್ಟೆಗಳ ಪೆಟ್ಟಿಗೆಯೊಂದು ಬಂತು, ಹೊರಡುವ ಮೊದಲೇ ಒಡೆದವು ಎಂಬುದು ನೋಡಿದ ಕೂಡಲೇ ತಿಳಿಯುವಂತಿತ್ತು. "ಅವರಿಗೆ ಬೈಯೋಕೆ ಬರಲ್ಲ," ಎಂದ ಆಂಬ್ರೋಸ್.

ಮನೆಯಲ್ಲಿ ಈ ಆಟವನ್ನು ಬಲ್ಲವಳು ಇನ್ನೊಬ್ಬಳಿದ್ದಳು, ಅಡುಗೆಯ ಸೂಕಿ. ಅವಳು ಟನ್‌ಸ್ಟಾಲರ ಗುಲಾಮಳು. ಆಂಬ್ರೋಸನ ಹೆಂಡತಿ ಲೆಟಿಸಳ ಜೊತೆ, ತನ್ನ ಅವ್ವನೊಡನೆ, ತವರಿನ ಸಾಮಾನಾಗಿ ಬಂದವಳು. ಬರುವಾಗ ಅವಳ ತಂಗಿ ಬೆಕ್ ಬೇರೆ ಪಾಲಿಗೆ ಹೋಗಿ ಯಾರ್ಕ್ ಹೊಳೆಯ ಕಡೆಯ ಒಂದು ಮನೆ ಸೇರಿದ್ದಳು. ಒಂದು ಮಧ್ಯಾಹ್ನ ಬಟಾಣಿ ಸುಲಿಯುತ್ತ ಸೂಕಿ ಕೇಳಿದಳು.

"ಅಮ್ಮೋರೆ, ಧಣಿಗಳ ಹ್ಯಾಟಿಗೆ ಸಮುದ್ರದಾಚೆ ಕಾಗದ ಹೋಗುತ್ತೆ. ನನ್ನ ತಂಗಿಗೆ ಎರಡು ಹೊಳೆ ಆಚೆ ಒಂದು ಹೋಗಬಾರ್ದಾ?"

ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದರೂ ಇದು ತನಗೆ ತಾನಾಗಿ ಹೊಳೆಯಲಿಲ್ಲವಲ್ಲ ಎಂದು ಡಾರ್ಕಸಳ ಮುಖ ಬಿಸಿಯಾಯಿತು. ಕಾಗದ ತಂದಳು. ಸೂಕಿ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಗೆ ಕೈ ಒರೆಸಿಕೊಂಡು ನೆಟ್ಟಗೆ ಕೂತಳು.

"ನಾನು ಹೇಳಿದ್ದನ್ನೇ ಬರೀಬೇಕು. ಸಕ್ಕರೆ ಬೇಡ."

"ಇಲ್ಲ, ಹಾಕಲ್ಲ."

"ಬೆಕ್, ನಾನು ಬದುಕಿದ್ದೀನಿ. ಅವ್ವ ತೀರಿಕೊಂಡು ನಾಲ್ಕು ವರ್ಷ ಆಯ್ತು, ನಿನಗೆ ಯಾರೂ ಹೇಳಿರಲ್ಲ. ನಿನ್ನ ಹೆಸರು ಕರೀತಾನೇ ಹೋದ್ಲು. ಅಷ್ಟೇ."

"ಅಷ್ಟೇನಾ? ಚೆನ್ನಾಗಿರು ಅಂತ ಒಂದು—"

"ಚೆನ್ನಾಗಿರೋದು ಅವಳ ಕೈಯಲ್ಲಿದ್ಯಾ ಅಮ್ಮೋರೆ? ಅಷ್ಟೇ. ಈಗ ಓದಿ."

ಡಾರ್ಕಸ್ ಓದಿದಳು. ಸೂಕಿ ಇನ್ನೊಮ್ಮೆ ಓದಿಸಿದಳು, ಈ ಸಲ ಒಂದೊಂದು ಪದದ ಮೇಲೂ ಬೆರಳಿಟ್ಟು ತೋರಿಸಬೇಕೆಂದಳು. ಓದು ಬಾರದ ಆ ಕಣ್ಣು ಬೆರಳನ್ನು ಬಿಟ್ಟು ಆಚೀಚೆ ಹೋಗಲಿಲ್ಲ. ದೋಣಿಯವನೊಬ್ಬ ಕಾಗದ ಒಯ್ದ. ಎರಡು ವರ್ಷ ಏನೂ ಇಲ್ಲ. ಆಮೇಲೆ ಅದೇ ದೋಣಿಯವನು ಬಾಯಿಮಾತಿನಲ್ಲಿ ಸುದ್ದಿ ತಂದ: ಬೆಕ್ ಇದ್ದಾಳೆ, ಕಾಗದವನ್ನು ಯಾರಿಂದಲೋ ಓದಿಸಿಕೊಂಡಳು, ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳ ಹೆಸರು ಸೂಕಿ. ಆ ದಿನ ರೊಟ್ಟಿ ಸೀದುಹೋಯಿತು. ಆಂಬ್ರೋಸ್ ಕೂಡ ಏನೂ ಅನ್ನದೆ ತಿಂದ.

ಈ ಕಾಗದದ ವ್ಯವಹಾರ ಶುರುವಾದ ಹದಿನೇಳನೆಯ ವರ್ಷ ಪೆನ್ನಕ್‌ನಿಂದ ಬಂದ ಕಾಗದವನ್ನು ಓದುತ್ತ ಓದುತ್ತ ಡಾರ್ಕಸ್ ತಡವರಿಸಿದಳು.

"ಏನಂತೆ?"

"ಅವ್ರೇ ಬರ್ತಾರಂತೆ. ಮುಂದಿನ ಹಡಗಿಗೆ. ನಿನ್ನ ನೋಡೋಕೆ."

"ಬರ್ಲಿ! ಎದುರಿಗೇ ಉಗೀತೀನಿ!"

ಡಾರ್ಕಸ್ ಅಡುಗೆಮನೆಗೆ ಓಡಿದಳು. ಸೂಕಿ ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. "ಇಷ್ಟು ವರ್ಷ ಧಣಿಗಳ ಬಾಯಿಗೆ ಸಕ್ಕರೆ ಹಾಕ್ತಾ ಬಂದ್ರಿ. ಈಗ ಇರುವೆ ಹೊರಟಿದೆ, ಬರಲಿ ಬಿಡಿ."

ಇರುವೆ ಬಂದದ್ದು ಮೇ ತಿಂಗಳಲ್ಲಿ. ಜೊಸಾಯ ಪೆನ್ನಕ್ ತೆಳ್ಳಗಿನ, ಬಾಗಿದ ಬೆನ್ನಿನ ಮುದುಕ. ದೋಣಿಕಟ್ಟೆಯಲ್ಲಿ ಇಳಿದವನೇ ಎರಡೂ ಕೈ ಚಾಚಿ ಆಂಬ್ರೋಸನನ್ನು ತಬ್ಬಿಕೊಂಡ. ಆಂಬ್ರೋಸ್ ಬೈಯಲೆಂದು ಬಾಯಿ ತೆರೆದಿದ್ದ. ತಬ್ಬಿಕೊಂಡವನ ಕಿವಿಗೆ ಬೈಯುವುದು ಹೇಗೆಂದು ತಿಳಿಯದೆ ಮುಚ್ಚಿದ.

ಊಟಕ್ಕೆ ಹಂದಿಯ ತೊಡೆ, ಹೊಳೆಯ ಚಿಪ್ಪುಮೀನು, ಮೆಕ್ಕೆಜೋಳದ ರೊಟ್ಟಿ, ಪೀಚ್ ಹಣ್ಣಿನ ಬ್ರಾಂದಿ. ಪೆನ್ನಕ್ ಎರಡನೆಯ ಲೋಟ ಮುಗಿಸಿ ಎದೆಯ ಜೇಬಿನಿಂದ ಒಂದು ಪುಟ್ಟ ಪ್ರಾರ್ಥನೆಯ ಪುಸ್ತಕ ತೆಗೆದ. ಅದರ ನಡುವೆ ಮಡಿಸಿದ ಕಾಗದವಿತ್ತು.

"ಟನ್‌ಸ್ಟಾಲ್ ಅವ್ರೇ, ನನ್ನ ಹೆಂಡತಿ ಹೋದಾಗ ಎಷ್ಟೋ ಜನ ಬರೆದ್ರು. ಬಿಷಪ್ಪರೂ ಬರೆದ್ರು. ನಾನು ಇಟ್ಕೊಂಡಿದ್ದು ನಿಮ್ಮದೊಂದೇ."

"ನಿಮ್ಮ ಹೆಂಡ್ತಿ ಹೋಗಿಬಿಟ್ರಾ?" ಎಂದ ಆಂಬ್ರೋಸ್.

ಪೆನ್ನಕ್ ಅವನ ಮುಖ ನೋಡಿದ. ಡಾರ್ಕಸ್ ತನ್ನ ತಟ್ಟೆ ನೋಡಿದಳು. ಆ ಸುದ್ದಿ ಬಂದ ವರ್ಷ ಲೆಟಿಸ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ತಮ್ಮನ ಮುಂದೆ ಅದನ್ನು ಓದಲಾರದೆ ಹಾರಿಸಿದ್ದಳು. ಅವನು ಮೊಳೆ ಬೇಕೆಂದು ಗದರುತ್ತಿದ್ದರೆ ಇವಳು ಬೇರೆಯದನ್ನು ಬರೆದಿದ್ದಳು.

ಪೆನ್ನಕ್ ಕಾಗದ ಬಿಚ್ಚಿ ಓದಿದ. 'ಹೆಂಡತಿ ಹೋದ ಮೇಲೆ ನಾನು ಲಾಯದಲ್ಲಿ ಕೂತು ಒಂದೇ ಲಗಾಮನ್ನು ಒಂಬತ್ತು ದಿನ ಹೊಲಿದೆ. ಅದು ಹರಿದಿರಲಿಲ್ಲ. ನಿಮ್ಮ ಊರಿನಲ್ಲಿ ಲಾಯವಿದೆಯೋ ಇಲ್ಲವೋ ನಾನು ಅರಿಯೆ. ಇಲ್ಲದಿದ್ದರೆ, ಹೊಲಿಯಲು ಬೇರೆ ಏನಾದರೂ ಹುಡುಕಿಕೊಳ್ಳಿ.'

ಆಂಬ್ರೋಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಗೆ ಹೋದ. ಬಹಳ ಹೊತ್ತಾದ ಮೇಲೆ ಅವನು ಮುಖ ತೊಳೆದುಕೊಂಡು ಬಂದು, ನಿಂತೇ ಹೇಳಿದ.

"ಅದು ನಾನು ಬರೆದಿದ್ದಲ್ಲ. ನಮ್ಮಕ್ಕ ಬರೆದಿದ್ದು. ಮತ್ತೆ ಅಕ್ಕ, ಅದು ಒಂಬತ್ತು ದಿನ ಅಲ್ಲ. ಹದಿಮೂರು."

"ನಾಲ್ಕು ದಿನ ನಾನು ನೋಡಿರ್ಲಿಲ್ಲ ಕಣೋ," ಎಂದಳು ಡಾರ್ಕಸ್.

ಮುಂದಿನದೆಲ್ಲ ಡಾರ್ಕಸಳ ನಕಲು ಪುಸ್ತಕದಿಂದ ಬಯಲಾಯಿತು. ಹೋಗುವ ಕಾಗದಗಳ ನಕಲನ್ನು ಎಲ್ಲ ತಂಬಾಕಿನ ಮನೆಯವರೂ ಒಂದು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಡಾರ್ಕಸ್ ಬಲಗಡೆಯ ಪುಟದಲ್ಲಿ ಕಳಿಸಿದ್ದನ್ನೂ ಎಡಗಡೆಯ ಪುಟದಲ್ಲಿ ತಮ್ಮ ಹೇಳಿದ್ದನ್ನೂ ಬರೆದಿಟ್ಟಿದ್ದಳು. ಸುಳ್ಳು ಹೇಳಿದ ಪಾಪ ಅದರಿಂದ ಅರ್ಧವಾದರೂ ಕಮ್ಮಿಯಾದೀತು ಎಂಬುದು ಅವಳ ಲೆಕ್ಕಾಚಾರ. ಪೆನ್ನಕ್ ಕನ್ನಡಕ ಹಾಕಿಕೊಂಡು ಎಡಗಡೆಯ ಪುಟಗಳನ್ನೇ ಓದತೊಡಗಿದ.

"'ಥೇಮ್ಸ್ ದಡದ ಕಪ್ಪೆ'. ಇದು ನಾನೇನಾ?"

"ನೀವೇ," ಎಂದ ಆಂಬ್ರೋಸ್, ಕಿವಿ ಕೆಂಪಾಗಿಸಿಕೊಂಡು.

"ಆ ವರ್ಷ ನಾನು ಏನು ಕಳಿಸಿದ್ದೆ?"

"ಆರು ಟೀ ಪಾತ್ರೆ. ಒಂದಕ್ಕೂ ಮುಚ್ಚಳ ಇರ್ಲಿಲ್ಲ."

"ಹಾಗಾದ್ರೆ ಕಪ್ಪೆ ಅಂದಿದ್ದು ಕಮ್ಮಿ ಆಯ್ತು!" ಮುದುಕ ಕಣ್ಣೀರು ಬರುವಷ್ಟು ನಕ್ಕ. "ಅಮ್ಮ, ಇನ್ಮೇಲೆ ಎರಡೂ ಪುಟ ಕಳಿಸಿ. ಒಂದನ್ನ ಅಂಗಡೀಲಿ ಓದ್ತೀನಿ, ಒಂದನ್ನ ಮನೇಲಿ."

ಯಾವುದನ್ನು ಎಲ್ಲಿ ಎಂದು ಹೇಳಲಿಲ್ಲ. ಆದರೆ ಆ ಮೇಲೆ ಪ್ರತಿವರ್ಷ ಎರಡು ಕಾಗದ ಹೋದವು. ಓದುಗನೊಬ್ಬ ಸಿಕ್ಕನೆಂಬ ಹುರುಪಿಗೆ ಆಂಬ್ರೋಸನ ಬೈಗುಳಕ್ಕೆ ಹೊಸ ಕಳೆ ಬಂತು. "ಕಪ್ಪೆ ಆಯ್ತು. ಬೇರೆ ಏನಾದ್ರೂ ಹೇಳಕ್ಕ," ಎಂದು ಅಕ್ಕನ ಬಳಿಯೇ ಸಲಹೆ ಕೇಳುತ್ತಿದ್ದ.

ಮೂರು ವರ್ಷ ಕಳೆದ ಮೇಲೆ, ಶರತ್ಕಾಲದ ಚಳಿಜ್ವರ ಡಾರ್ಕಸಳನ್ನು ಮಲಗಿಸಿತು. ತಂಬಾಕಿನ ಪೀಪಾಯಿಗಳು ಹಡಗಿಗೆ ಏರಿದ್ದವು, ಕಾಗದಕ್ಕಾಗಿ ಹಡಗು ಕಾಯುವಂತಿರಲಿಲ್ಲ. ಆಂಬ್ರೋಸ್ ಬಾಗಿಲು ಹಾಕಿಕೊಂಡು ಇಡೀ ಬೆಳಿಗ್ಗೆ ತಾನೇ ಬರೆದ. ಹೊರಗೆ ಬಂದಾಗ ಅಂಗಿಯ ತೋಳೆಲ್ಲ ಶಾಯಿ. ಏನು ಬರೆದನೆಂದು ಯಾರಿಗೂ ಹೇಳಲಿಲ್ಲ.

ಡಾರ್ಕಸ್ ಹಾಸಿಗೆ ಬಿಟ್ಟು ಎದ್ದಳು. ಮರುವರ್ಷ ಜವಾಬು ಬಂತು, ಅವಳು ಕಿಟಕಿಯ ಬಳಿ ಕೂತು ಗಟ್ಟಿಯಾಗಿ ಓದಿದಳು. 'ಟನ್‌ಸ್ಟಾಲ್ ಅವರೇ, ನನ್ನ ಗುಮಾಸ್ತರು ಮೂವರು ಸೇರಿ ನೋಡಿದರೂ ತಮ್ಮ ಕಾಗದದಲ್ಲಿ ಒಂದು ಪದವೂ ಹತ್ತಲಿಲ್ಲ. ನಾನು ಮಾತ್ರ ಆ ಅಕ್ಷರ ನೋಡಿದ ಕೂಡಲೇ ಗಾಬರಿಯಾದೆ. ತಮ್ಮ ಅಕ್ಕನವರು ಹೇಗಿದ್ದಾರೆ? ಜ್ವರವಾಗಿದ್ದರೆ ಇರಲೆಂದು ಇದರೊಡನೆ ಸಿಂಕೋನಾ ತೊಗಟೆಯ ಪುಡಿ ಕಳಿಸಿದ್ದೇನೆ. ಸಾಣೆಕಲ್ಲು ಬೇಕಿತ್ತೇ?'

ಡಾರ್ಕಸ್ ನಗುತ್ತ ನಗುತ್ತ ಕೆಮ್ಮಿದಳು. "ಲೋ, ಅದೇನೋ ಬರ್ದಿದ್ದೆ ಅದರಲ್ಲಿ?"

"ತಂಬಾಕಿನ ವಿಷಯ."

"ಒಂದು ಬೆಳಿಗ್ಗೆ ಪೂರ್ತಿ ತಂಬಾಕಿನ ವಿಷಯವಾ?"

"ತಂಬಾಕು ಅಂದ್ಮೇಲೆ ಬೇಕಾದಷ್ಟು ಇರುತ್ತೆ," ಎಂದ ಆಂಬ್ರೋಸ್, ಹ್ಯಾಟು ತೆಗೆದುಕೊಂಡು ಹೊಲದ ಕಡೆಗೆ ಹೊರಟುಹೋದ.