ಚಕ್ರ ಸುತ್ತಿಸಿದೋಳು

ಕಂಪ್ಯೂಟರ್ ಪರದೆ ಮೇಲೆ ಪುಟ್ಟ ಬಾಣ ಓಡಾಡ್ತದಲ್ಲ, ಅದನ್ನ ಮೇಯಿಸೋರು ಯಾರು, ಹೇಳಿ ನೋಡೋಣ? ನಂಗೊತ್ತು. ಸೂಲಿಬೆಲೇಲಿ ನಮ್ಮ ಮಹಡಿ ಮೇಲೆ ಒಬ್ಳು ಹುಡ್ಗಿ ಬಾಡಿಗೆಗಿದ್ಲು, ಅವಳೇ. ಹಾಲಿನ ಡೈರಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೀತಿದ್ಲು. ಕೂತಲ್ಲಿ ಕೂರೋಳಲ್ಲ. ಫೋನಲ್ಲಿ ಮಾತಾಡ್ತಾ ನಮ್ಮ ನೀರಿನ ತೊಟ್ಟಿ ಸುತ್ತೋಳು, ಕಾಫಿ ಕೊಟ್ರೆ ನಿಂತ್ಕೊಂಡೇ ಕುಡಿಯೋಳು. "ಕೂತ್ಕೊಳ್ಳೇ" ಅಂದ್ರೆ "ಇನ್ನೇನ್ ಆಗೋಯ್ತಜ್ಜಿ" ಅನ್ನೋಳು.

ಕಂಪ್ಯೂಟರ್ ಕೆಲ್ಸ ಮಾಡುವಾಗ ಬಾಣ ಮಾಯವಾಗಿ ಅದರ ಜಾಗದಲ್ಲಿ ಒಂದು ಚಕ್ರ ಸುತ್ತಬೇಕಂತೆ. ಇಲ್ದಿದ್ರೆ ಕೆಟ್ಟೋಯ್ತು ಅಂತ ಜನ ಮೌಸ್ ಕುಟ್ಟಾಕ್ತಾರಂತೆ. ಆ ಚಕ್ರಾನ ಅವಳೇ ಮಾಡಿ ಹಾಕಿದ್ಲು.

ಒಂದಿನ ಬೆಳಿಗ್ಗೆ ಡೈರೀಲಿ ಚಕ್ರ ನಿಲ್ಲಲೇ ಇಲ್ಲ. ಕಂಪ್ಯೂಟರಲ್ಲಿ ಲೆಕ್ಕ ಬರೀದೆ ಹಾಲು ಹಾಕಿಸ್ಕೊಳ್ಳಲ್ಲ, ನಾವೆಲ್ಲ ಹಾಲಿನ ಕ್ಯಾನ್ ಹಿಡ್ಕೊಂಡು ನಿಂತಿದ್ವಿ. ಲಾರಿಯೋನು ಹಾರನ್ ಹೊಡೀತಾ "ಬಿಟ್ಟೋಯ್ತೀನಿ" ಅಂತಿದ್ದ. ಅವನು ಹೋದ್ರೆ ಅಷ್ಟೂ ಹಾಲು ಒಡೆದೋಗೋದು. ಡೈರಿ ಸೆಕ್ರೆಟರಿ ಮಾತ್ರ ಕೈ ಕಟ್ಕೊಂಡು, "ಚಕ್ರ ಸುತ್ತುವಾಗ ಮುಟ್ಬೇಡಿ ಅಂತ ಅವಮ್ಮನೇ ಹೇಳವ್ರೆ" ಅಂದ.

ಹೇಳಿ ಕಳಿಸಿದ್ದಕ್ಕೆ ಚಪ್ಪಲೀನೂ ಹಾಕ್ದೆ ಓಡ್ಬಂದ್ಲು. ನೋಡಿ ಹಣೆ ಚಚ್ಕೊಂಡ್ಲು. "ಅಯ್ಯೋ, ಕೆಲ್ಸ ಆವಾಗ್ಲೇ ಮುಗಿದಿದೆ! ಮುಗಿದ್ಮೇಲೆ ಮತ್ತೆ ಬಾಣ ಆಗು ಅಂತ ಹೇಳೋದೇ ಮರ್ತಿದೀನಿ. ಮುಟ್ಟಿ ಸಾರ್, ನಡೀತದೆ."

ಲಾರಿ ಹೊರಡೋದ್ರೊಳಗೆ ಎಲ್ಲರ ಹಾಲೂ ಏರ್ತು. ನಾನು ಸುಮ್ನಿರ್ತೀನಾ? "ಕೆಲ್ಸ ಮುಗಿದ್ರೂ ಸುತ್ತೋದು, ಹೆತ್ತವಳ ಗುಣ ಕಣೇ" ಅಂದೆ.

"ನಿಮ್ಮ ಹಾಲು ಹಾಕಾಯ್ತಲ್ಲಜ್ಜಿ," ಅಂದ್ಲು, "ನೀವ್ಯಾಕಿನ್ನೂ ಇಲ್ಲೇ ಸುತ್ತಾ ಇದೀರಾ?"